ಅವ್ವನ ಹೆಬ್ಬೆರಳು

ಎಪ್ಪತ್ತರ ದಶಕದ ಒಂದು ವರ್ಷ ಬನಹಟ್ಟಿಯ ನಮ್ಮ ಮನೆಯಲ್ಲಿ ಬೆಳಗಿನ ಚಹಾ ಯಾರ ಗಂಟಲಲ್ಲೂ ನೆಟ್ಟಗೆ ಇಳಿಯುತ್ತಿರಲಿಲ್ಲ. ಅರವತ್ತು ದಾಟಿದ ಅಪ್ಪನ ಎದೆಬಡಿತ ಏರುಪೇರಾಗಿತ್ತು. ಜಮಖಂಡಿಯ ಡಾಕ್ಟರರು ಗುಳಿಗೆ ಕೊಟ್ಟು, “ದಿನಾ ಮುಂಜಾನೆ ನಾಡಿ ಎಣಿಸ್ರಿ. ನಿಮಿಷಕ್ಕ ಅರವತ್ತರ ಕೆಳಗಿದ್ರ ಗುಳಿಗಿ ಕೊಡಬ್ಯಾಡ್ರಿ” ಎಂದಿದ್ದರು.

ನಾನು ಸಾಲಿ ಮಾಸ್ತರ. ಎಣಿಸಲು ನನಗೆ ಬಾರದೇ? ಆದರೆ ಅವ್ವ ಬಿಡಲಿಲ್ಲ. “ನಿನಗ ಒಂದ್ ನಿಮಿಷ ಸುಮ್ನ ಕುಂತು ಗೊತ್ತೈತೇನು? ಸರಿ ಅತ್ತಾಗ” ಎಂದು ನನ್ನ ಕೈಗಡಿಯಾರ ಮಾತ್ರ ಕಸಿದುಕೊಂಡಳು.

ನಲವತ್ತು ವರ್ಷ ಅಪ್ಪನ ಮಗ್ಗಕ್ಕೆ ನೂಲು ಸುತ್ತಿದವಳು. ಎಳೆಯಲ್ಲಿ ಸಣ್ಣ ಗಂಟಿದ್ದರೂ ಕಣ್ಣಿಗಿಂತ ಮೊದಲು ಅವಳ ಹೆಬ್ಬೆರಳಿಗೆ ತಿಳಿಯುತ್ತಿತ್ತು. ಅದೇ ಹೆಬ್ಬೆರಳನ್ನು ಅಪ್ಪನ ಮಣಿಕಟ್ಟಿಗೆ ಒತ್ತಿ, ತುಟಿ ಅಲ್ಲಾಡಿಸುತ್ತಾ ಎಣಿಸುವಳು. ನಾನು ಹೊಸ್ತಿಲಿಂದ ಹಿತ್ತಲಿಗೆ, ಹಿತ್ತಲಿಂದ ಹೊಸ್ತಿಲಿಗೆ ಓಡಾಡುತ್ತಿದ್ದೆ. “ಬರೋಬ್ಬರಿ ಐತಿ” ಎಂದ ಮೇಲೆಯೇ ನನಗೆ ಸಾಲಿಯ ನೆನಪಾಗುತ್ತಿತ್ತು.

ತಿಂಗಳುಗಟ್ಟಲೆ ಎಲ್ಲ ಬರೋಬ್ಬರಿಯೇ ಇತ್ತು. ದೀಪಾವಳಿ ಮುಗಿದ ವಾರ ಅವ್ವನ ಮುಖ ಕಪ್ಪಿಟ್ಟಿತು. “ನಡುನಡುವ ಒಂದೊಂದು ಬಡಿತ ತಪ್ಪಾಕತ್ತೈತಿ.” ಮರುದಿನವೂ ಅದೇ ಮಾತು. ಅಪ್ಪನೋ, “ನನಗೇನಾಗೇತಿ?” ಎಂದು ಆರಾಮಾಗಿ ರೊಟ್ಟಿ ಮುರಿಯುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿ ಇಬ್ಬರನ್ನೂ ಜಮಖಂಡಿ ಬಸ್ಸು ಹತ್ತಿಸಿದೆ. ದಾರಿ ತುಂಬ ಕಬ್ಬಿನ ಗಾಡಿಗಳು. ಬಸ್ಸು ನಿಧಾನಿಸಿದಾಗಲೆಲ್ಲ ಡ್ರೈವರನನ್ನು ಮನಸ್ಸಿನಲ್ಲೇ ಬೈದೆ.

ಡಾಕ್ಟರರು ಅಪ್ಪನ ಎದೆಗೆ ಸ್ಟೆತೊಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. “ಛಲೋ ಐತಲ್ರೀ. ಮೊದಲಿಗಿಂತ ಸುಧಾರಿಸೇತಿ.”

“ಹಂಗಾರ ನಾ ಸುಳ್ಳ ಹೇಳಾಕತ್ತೇನೇನ್ರೀ?” ಅವ್ವ ಬಿಡುವವಳಲ್ಲ.

“ಹೆಂಗ ನೋಡ್ತೀರಿ, ತೋರಸ್ರಿ.”

ಅವ್ವ ಅಪ್ಪನ ಕೈ ಎಳೆದುಕೊಂಡು ಹೆಬ್ಬೆರಳು ಒತ್ತಿದಳು. ಡಾಕ್ಟರರು ಅವಳ ಬೆರಳಿನತ್ತ ಬಾಗಿ ನೋಡಿದರು. “ಹೆಬ್ಬಟ್ಟಿಗೂ ತನ್ನದ ಒಂದು ನಾಡಿ ಇರತೈತ್ರಿ. ಅದರಿಂದ ಒತ್ತಿ ನೋಡಿದ್ರ ನಮ್ದ ನಮಗ ತಿಳೀತೈತಿ” ಎಂದವರೇ ಅವಳ ಮಣಿಕಟ್ಟಿಗೆ ಮೂರು ಬೆರಳಿಟ್ಟರು. ಗೋಡೆಯ ಗಡಿಯಾರ ನೋಡುತ್ತಾ ಹಿಡಿದೇ ಇದ್ದರು. ತಪ್ಪುತ್ತಿದ್ದದ್ದು ಅವ್ವನ ಬಡಿತ.

ಅಪ್ಪ ಸ್ಟೂಲಿನಿಂದ ಎದ್ದು ಅವಳಿಗೆ ಜಾಗ ಬಿಟ್ಟ. ಅವಳು ಕೂರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆ ತಿಂಗಳೆಲ್ಲ ಅವಳು ನೀರಿನ ಕೊಡ ಇಳಿಸಿ ಕಟ್ಟೆಯ ಮೇಲೆ ಕುಸಿದು ಕೂರುತ್ತಿದ್ದಳು. “ಮುದುಕಿ ಆದಿ ಬಿಡಬೇ” ಎಂದು ನಾನೇ ನಕ್ಕಿದ್ದೆ. ದಿನಾ ಅಪ್ಪನ ಕೈ ಹಿಡಿದು ನೋಡುತ್ತಿದ್ದ ಮನೆಯಲ್ಲಿ ಅವ್ವನ ಕೈಯನ್ನು ಯಾರೂ ಮುಟ್ಟಿರಲಿಲ್ಲ.

ಅವಳಿಗೂ ಗುಳಿಗೆ ಬರೆದುಕೊಟ್ಟಿದ್ದರು. ಆ ಚೀಟಿಯ ಕಡೆ ಅವಳು ಕಣ್ಣು ಹಾಯಿಸಲೂ ಇಲ್ಲ. ತನ್ನ ಹೆಬ್ಬೆರಳನ್ನೇ ತಿರುಗಿಸಿ ನೋಡುತ್ತಾ ಕುಳಿತಿದ್ದಳು. ಊರು ಹತ್ತಿರ ಬಂದಾಗ ಅಪ್ಪನ ಕಡೆ ಹೊರಳಿ, ತಪ್ಪು ಮಾಡಿದವಳ ದನಿಯಲ್ಲಿ ಕೇಳಿದಳು:

“ಹಂಗಾರ ಇಷ್ಟು ದಿನ ನಿಮ್ದು ನಾ ನೋಡೇ ಇಲ್ಲೇನ್ರೀ?”