ಮೂರು ದೀಪಗಳ ಕಾವಲು

ಕೊಟ್ರಪ್ಪ ಕೂಡ್ಲಿಗಿ ಕಡೆಯವನು. ಐಟಿಐ ಮುಗಿಸಿ ಪೀಣ್ಯಕ್ಕೆ ಬಂದವನಿಗೆ ತಮ್ಮ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕೊಟ್ಟವರು ಶ್ಯಾಮಣ್ಣ. ಬಾಗಲಗುಂಟೆಯಲ್ಲಿ ಬಾಡಿಗೆಗೆ ಮನೆ ಕೊಟ್ಟವರೂ ಅವರೇ. ಹೀಗಾಗಿ ಬೆಳಿಗ್ಗೆ ಕೆಲಸದಲ್ಲಿ ಎದುರಾಡಿದರೆ ಸಂಜೆ ಮನೆಬಾಗಿಲಲ್ಲಿ ಉತ್ತರ ಹೇಳಬೇಕಿತ್ತು.

ತಗಡು ಒತ್ತುವ ಪ್ರೆಸ್ಸಿನ ದೊಡ್ಡ ಮೋಟಾರಿಗೆ ಅವನೇ ಹಟ ಹಿಡಿದು ಒಂದು ರಿಲೇ ಹಾಕಿಸಿದ್ದ. ಕರೆಂಟಿನ ಮೂರು ಫೇಸಿನಲ್ಲಿ ಒಂದು ಕೈಕೊಟ್ಟರೂ ಅದು ಮೋಟಾರನ್ನು ನಿಲ್ಲಿಸುತ್ತಿತ್ತು. ಇಲ್ಲದಿದ್ದರೆ ಉಳಿದೆರಡರ ಮೇಲೇ ಭಾರ ಬಿದ್ದು ಒಳಗಿನ ಸುರುಳಿ ಸುಟ್ಟುಹೋಗುತ್ತದೆ. ಆದರೆ ತೊಂಬತ್ತಾರರ ಬೇಸಿಗೆಯಲ್ಲಿ ಕರೆಂಟಿನ ಏರುಪೇರು ಹೆಚ್ಚಿತು. ಕ್ಷಣಮಾತ್ರ ಕುಸಿದರೂ ರಿಲೇ ಸುಮ್ಮನಿರುತ್ತಿರಲಿಲ್ಲ. ಕೆಲಸ ನಿಂತು ನಿಂತು ಶ್ಯಾಮಣ್ಣನಿಗೆ ರೋಸಿಹೋಯಿತು.

"ಅದಕ್ಕೊಂದು ವೈರ್ ತುಂಡು ಹಾಕಿ ಬಾಯಿ ಮುಚ್ಚಿಸಯ್ಯ. ನೋಡ್ಕೊಳ್ಳೋಕೆ ನೀನಿಲ್ವಾ?"

ಸುಟ್ಟರೆ ಯಾರ ತಲೆಗೆ ಬರುತ್ತದೆಂದು ಕೊಟ್ರಪ್ಪನಿಗೆ ಗೊತ್ತಿತ್ತು. ಆದರೂ ಹಾಕಿದ. ಅಂದಿನಿಂದ ರಿಲೇಯ ಕೆಲಸ ಅವನದಾಯಿತು. ಬೋರ್ಡಿನಲ್ಲಿ ಫೇಸಿಗೊಂದರಂತೆ ಇದ್ದ ಕೆಂಪು, ಹಳದಿ, ನೀಲಿ ದೀಪಗಳ ಮುಂದೆ ನಿಂತಿರಬೇಕು. ಒಂದು ಮಂಕಾಗಿ, ಮೂರೆಣಿಸುವಷ್ಟರಲ್ಲಿ ಚೇತರಿಸಿಕೊಳ್ಳದಿದ್ದರೆ ಮೋಟಾರು ನಿಲ್ಲಿಸಬೇಕು. ಟೀ ನಿಂತಲ್ಲಿಗೇ ಬರುತ್ತಿತ್ತು. ಒಂದಕ್ಕೆ ಹೋಗಬೇಕಾದರೆ ಟರ್ನರ್ ನಿಂಗಪ್ಪನನ್ನು ಕಾವಲಿಗೆ ಬೇಡಬೇಕು.

"ದೇವ್ರ ಮುಂದೂ ನೀನು ಇಷ್ಟೊತ್ತು ನಿಂತಿಲ್ಲ ಬಿಡು ಗುರು" ಎಂದು ನಿಂಗಪ್ಪ ಛೇಡಿಸುತ್ತಿದ್ದ. ಉಣ್ಣುವಾಗಲೂ ಕಣ್ಣು ಮನೆಯ ಬಲ್ಬಿನ ಮೇಲೇ ಇರುತ್ತದೆಂದು ಹೆಂಡತಿ ರುದ್ರಮ್ಮ ಗೊಣಗುತ್ತಿದ್ದಳು.

ಒಂದು ಸೋಮವಾರ ಹಳದಿ ದೀಪ ಮಂಕಾಯಿತು. ಮೂರೆಣಿಸಿ ಮೋಟಾರು ನಿಲ್ಲಿಸಿದ. ನೋಡಿದರೆ ಫೇಸು ಸರಿಯಾಗಿಯೇ ಇತ್ತು. ಬಲ್ಬಿನ ಹೋಲ್ಡರ್ ಸಡಿಲವಾಗಿತ್ತಷ್ಟೆ. ಶ್ಯಾಮಣ್ಣ ಎಲ್ಲರೆದುರು ಬೈದರು.

ಮಂಗಳವಾರ ಅದೇ ದೀಪ ಮತ್ತೆ ಮಂಕಾದಾಗ ಅವನ ಕೈ ಸ್ವಿಚ್ಚಿನತ್ತ ಹೋಗಿ ಹಿಂದಕ್ಕೆ ಬಂತು. ಸ್ಕ್ರೂಡ್ರೈವರ್ ತೆಗೆದು ಹೋಲ್ಡರ್ ಬಿಗಿ ಮಾಡತೊಡಗಿದ. ಈ ಸಲ ನಿಜವಾಗಿಯೂ ಫೇಸು ಹೋಗಿ ಮೋಟಾರು ಮುಲುಗುತ್ತಿದ್ದುದು ಲೇತ್‌ಗಳ ಗದ್ದಲದಲ್ಲಿ ಕೇಳಲಿಲ್ಲ. ಸುರುಳಿಯ ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಎಲ್ಲೋಗಿದ್ದೆಯೋ?" ಎಂದರು ಶ್ಯಾಮಣ್ಣ.

"ಇಲ್ಲೇ ನಿಂತಿದ್ದೆ ಅಣ್ಣಾ."

ಮೋಟಾರು ರೀವೈಂಡಿಂಗ್ ಮಾಡಿಸಿಕೊಂಡು ಬರಲು ಐದು ದಿನ ಹಿಡಿಯಿತು. ಇನ್ನಾದರೂ ರಿಲೇಗೆ ಅದರ ಕೆಲಸ ವಾಪಸು ಸಿಗುತ್ತದೆಂದು ಕೊಟ್ರಪ್ಪ ವೈರ್ ತುಂಡನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಂಡಿದ್ದ. ಶ್ಯಾಮಣ್ಣ ಬೋರ್ಡಿನ ಮುಂದೆ ಬಂದು ನಿಂತರು.

"ಒಂದೊಂದು ಫೇಸಿಗೂ ಎರಡೆರಡು ಬಲ್ಬ್ ಹಾಕ್ಬಿಡು. ಕೆಟ್ಟಿರೋದು ಬಲ್ಬೋ ಕರೆಂಟೋ ಗೊತ್ತಾಗುತ್ತೆ."

ಕೊಟ್ರಪ್ಪನಿಗೆ ಸಂಜೆಯ ಮನೆಬಾಗಿಲು ನೆನಪಾಯಿತು. ಜೇಬಿನಿಂದ ವೈರ್ ತುಂಡು ತೆಗೆದು ಮತ್ತೆ ರಿಲೇಗೆ ಹಾಕಿದ.

ಮಧ್ಯಾಹ್ನದ ಹೊತ್ತಿಗೆ ಅವನ ಮುಂದೆ ಆರು ದೀಪ ಉರಿಯುತ್ತಿದ್ದವು.