ಡಾಕ್ಟರು ಬೇಡವೆಂದ ನನ್ನ ಕಿಡ್ನಿ

ಕೊರೊನಾ ಕಳೆದ ಮರುವರ್ಷ. ನರಸಿಂಹರಾಜಪುರದಲ್ಲಿ ಅಂಗನವಾಡಿ ಟೀಚರ್ ಆಗಿದ್ದ ನನ್ನ ಅಕ್ಕನಿಗೆ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾಯಿತು. ಮಂಡಿನೋವಿಗೆಂದು ವರ್ಷಗಟ್ಟಲೆ ಯಾರನ್ನೂ ಕೇಳದೆ ನುಂಗಿದ ಮಾತ್ರೆಗಳು ಅವನ್ನು ಹಾಳುಮಾಡಿದ್ದವು. ಡಯಾಲಿಸಿಸ್‌ಗೆ ಅವಳು ಕೊಪ್ಪಕ್ಕೆ ಬರುವ ದಿನಗಳಲ್ಲಿ ನಾನು ಜಯಪುರದ ನನ್ನ ಬೈಕ್ ಗ್ಯಾರೇಜಿಗೆ ಬೀಗ ಹಾಕಿ ಜೊತೆಗಿರುತ್ತಿದ್ದೆ.

ಶಿವಮೊಗ್ಗದಿಂದ ವಾರಕ್ಕೊಮ್ಮೆ ಕಿಡ್ನಿ ಡಾಕ್ಟರು ಬರುತ್ತಿದ್ದರು. ಶೃಂಗೇರಿ ಕಡೆಯವರೇ. ಬೆಂಗಳೂರಿನಲ್ಲಿ ಕಿಡ್ನಿ ಕಸಿ ಮಾಡುವ ತಂಡದಲ್ಲಿ ಬಹಳ ವರ್ಷ ಇದ್ದು, ನಮ್ಮ ಕಡೆ ಈ ಕಾಯಿಲೆ ನೋಡುವವರಿಲ್ಲವೆಂದು ಹಿಂದಿರುಗಿದವರು. ಮಾತು ಕಡಿಮೆ. ಅಕ್ಕನ ಪಾದ ಒತ್ತಿ ನೋಡಿ, "ನೀರು ಜಾಸ್ತಿ ಕುಡಿದಿದ್ದೀರಿ. ನೀವು ಇಲ್ಲ ಅಂದ್ರೂ ಕಾಲು ಹೇಳ್ತದೆ ಟೀಚರೇ" ಎನ್ನುತ್ತಿದ್ದರು. ಅಕ್ಕ ಮಕ್ಕಳ ಹಾಗೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು.

ಭಾವನಿಗೆ ಸಕ್ಕರೆ ಕಾಯಿಲೆ. ಹಾಗಾಗಿ ನಾನೇ ಕಿಡ್ನಿ ಕೊಡುತ್ತೇನೆಂದೆ. ರಕ್ತದ ಗುಂಪು ಹೊಂದಿತು. ಆಪರೇಷನ್ನಿಗೆ ಮಂಗಳೂರಿಗೆ ಕಳಿಸುವ ಮೊದಲು ಡಾಕ್ಟರು ನನ್ನನ್ನು ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಕೊನೆಗೊಂದು ದಿನ ಒಬ್ಬನನ್ನೇ ಕರೆದರು.

"ನಿಮ್ಮ ಮೂತ್ರದಲ್ಲೂ ಪ್ರೋಟೀನ್ ಹೋಗ್ತಿದೆ. ಬಿಪಿ ಬೇರೆ. ನಿಮ್ಮ ಕಿಡ್ನಿಗೂ ತೊಂದರೆ ಶುರುವಾಗಿದೆ. ತಗೊಳ್ಳೋದು ಬೇಡ."

"ನಂಗೆಂತ ಆಗಿಲ್ಲ ಡಾಕ್ಟ್ರೇ! ನನ್ನ ಕಿಡ್ನಿ, ನಾ ಕೊಡ್ತೇನೆ. ಬೇಡ ಅನ್ಲಿಕ್ಕೆ ನೀವ್ಯಾರು?" ಎಂದು ಮೇಜು ಗುದ್ದಿದೆ.

ಅವರು ಎದ್ದು ಬಾಗಿಲು ಮುಚ್ಚಿದರು.

"ಬೆಂಗಳೂರಲ್ಲಿ ಒಬ್ಬ ಹುಡುಗ ಅಣ್ಣನಿಗೆ ಕೊಡ್ತೇನೆ ಅಂತ ಹೀಗೇ ಹಟ ಹಿಡಿದಿದ್ದ. ರಿಪೋರ್ಟು ಅಷ್ಟು ಚೆನ್ನಾಗಿರ್ಲಿಲ್ಲ. ಆದ್ರೂ ಒಪ್ಪಿದ್ವಿ, ನಾನೂ ಒಪ್ಪಿದೆ. ಅಣ್ಣನಿಗೆ ಹಾಕಿದ್ದು ಕೆಲವೇ ವರ್ಷದಲ್ಲಿ ನಿಂತೋಯ್ತು. ಆಮೇಲೆ ಇವನಲ್ಲಿ ಉಳಿದಿದ್ದೂ ಹೋಯ್ತು. ಇಬ್ರೂ ಅಕ್ಕಪಕ್ಕದ ಮಂಚದಲ್ಲೇ ಡಯಾಲಿಸಿಸ್‌ಗೆ ಮಲಗ್ತಿದ್ರು. ನಾ ಹೋದಾಗೆಲ್ಲ ಅವರಮ್ಮ ಎದ್ದು ಕೈ ಮುಗೀತಿದ್ರು. ಅದನ್ನ ಇನ್ನೊಮ್ಮೆ ನೋಡ್ಲಿಕ್ಕೆ ನನ್ನಿಂದ ಆಗೋದಿಲ್ಲ."

ನಾನು ರಿಪೋರ್ಟು ಎತ್ತಿಕೊಂಡು ಎದ್ದು ಬಂದೆ.

ಹೊರಗೆ ಅಕ್ಕ ನನ್ನ ಮುಖ ನೋಡಿಯೇ, "ಬೇಡ ಅಂದ್ರಾ?" ಎಂದಳು. ತಲೆಯಾಡಿಸಿದೆ. "ಒಳ್ಳೇದೇ ಆಯ್ತು ಬಿಡು ಮಾರಾಯ. ನಿನ್ನ ಹತ್ರ ಬೇಡ ಅನ್ನೋ ಧೈರ್ಯ ನಂಗಿರ್ಲಿಲ್ಲ. ಬದುಕಬೇಕು ಅಂತ ಆಸೆ ಇತ್ತಲ್ಲ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಮೃತರ ಕಿಡ್ನಿಗಾಗಿ ಹೆಸರು ಬರೆಸಿದ್ದೆವು. ಸರದಿ ಬರಲೇ ಇಲ್ಲ. ಮುಂದಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗನವಾಡಿಗೆ ಹೊರಡಲು ಸೀರೆ ಉಡುತ್ತಿದ್ದವಳು ಕುಸಿದಳು. ಮತ್ತೆ ಏಳಲಿಲ್ಲ. ವಿಷಯ ತಿಳಿಸಲು ಹೋದಾಗ ಡಾಕ್ಟರು ಕನ್ನಡಕ ತೆಗೆದಿಟ್ಟು ಕೂತುಬಿಟ್ಟರು. ಬಹಳ ಹೊತ್ತು ಮುಂದಿನ ರೋಗಿಯನ್ನು ಕರೆಯಲಿಲ್ಲ.

ಈಗ ಅವರ ರೋಗಿ ನಾನು. ತಪ್ಪದೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಉಪ್ಪು ಕಡಿಮೆ ಮಾಡಿದ್ದೇನೆ. ಕಳೆದ ತಿಂಗಳು ರಿಪೋರ್ಟು ನೋಡಿ, "ಕಿಡ್ನಿ ಹಾಗೇ ಉಳಿದಿದೆ, ಚೆನ್ನಾಗಿದ್ದೀರಿ" ಎಂದರು. ಅವರು ಮಾಡಿದ್ದು ಸರಿ ಎಂದು ನನಗೆ ಗೊತ್ತು. ಆದರೂ ಆ ಮಾತಿಗೆ ಥ್ಯಾಂಕ್ಸ್ ಹೇಳಲು ಇವತ್ತಿಗೂ ಬಾಯಿ ಬರುವುದಿಲ್ಲ. ಅವರೂ ಅದಕ್ಕೆ ಕಾಯುವುದಿಲ್ಲ.