ಬೇರೆಯವರ ಕೈತುತ್ತು

ಟೈಲರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು, ಹಿಂದಿನ ಕೋಣೆಯಲ್ಲಿ ಮರೆವಿನ ಕಾಯಿಲೆಯ ಅಮ್ಮ. ಕಾಲು ಪೆಡಲಿನ ಮೇಲಿದ್ದರೂ ಕಿವಿ ಒಳಗೇ ಇರುತ್ತಿತ್ತು. ಮಂಚ ಕಿರ್ರೆಂದರೆ ಎದ್ದು ಓಡುತ್ತಿದ್ದ. ಸದ್ದೇ ಇಲ್ಲದಿದ್ದರೆ ಇನ್ನೂ ಜೋರಾಗಿ ಓಡುತ್ತಿದ್ದ. ಒಮ್ಮೆ ಅಮ್ಮ ಹಿತ್ತಿಲ ಬಾಗಿಲು ತೆಗೆದು ಬೀದಿಗಿಳಿದು ಹೋಗಿದ್ದಳು. ಅಂದಿನಿಂದ ಅವನ ಎದೆ ತಣ್ಣಗಾಗಿದ್ದೇ ಇಲ್ಲ.

ಅವನಿಗೆ ಮದುವೆಯಾಗಿರಲಿಲ್ಲ. ಊರಿನ ಆಚೆ ಬದಿಯಲ್ಲಿದ್ದ ಅಕ್ಕ ಆಗಾಗ ಫೋನು ಮಾಡುತ್ತಿದ್ದಳು.

"ನಾನೂ ಬಂದು ಸ್ವಲ್ಪ ನೋಡ್ಕೊಳ್ಲೇನೋ?"

"ಬೇಡ ಕಣಕ್ಕ. ನನ್ನ ಬಿಟ್ರೆ ಬೇರೆ ಯಾರ ಕೈಲೂ ಅವಳು ಒಂದು ತುತ್ತು ತಿನ್ನಲ್ಲ."

ಹೇಳುವಾಗ ದನಿಯಲ್ಲಿ ಸಣ್ಣ ಜಂಬ ಇಣುಕುತ್ತಿತ್ತು. ಬೇರೆಯವರ ಕೈತುತ್ತು ಅಮ್ಮನಿಗೆ ಸೇರುತ್ತದೋ ಇಲ್ಲವೋ ಎಂದು ಅವನು ಒಂದು ಸಲವೂ ನೋಡಿರಲಿಲ್ಲ.

ಒಂದು ದಿನ ಒಬ್ಬ ವಕೀಲರ ಕೋಟು ಕತ್ತರಿಸುತ್ತಿದ್ದಾಗ ಒಳಗಿಂದ ಅಮ್ಮನದು ಒಂದೇ ಪ್ರಶ್ನೆ.

"ನನ್ನ ಮಗ ಬಂದ್ನಾ?"

"ನಾನೇ ಕಣಮ್ಮ ನಿನ್ನ ಮಗ."

"ನೀನಲ್ಲ. ನನ್ನ ಮಗ."

ಹೋಗುವುದು, ಸಮಾಧಾನ ಮಾಡುವುದು, ಬಂದು ಕತ್ತರಿ ಹಿಡಿಯುವುದು. ಎರಡು ದಿನದ ಮೇಲೆ ವಕೀಲರು ಕೋಟು ತೊಟ್ಟರೆ ಬಲಗೈ ಒಳಗೆ ಹೋಗಲೊಲ್ಲದು. ಎರಡೂ ಎಡಗೈಯ ತೋಳುಗಳೇ!

"ಏನ್ರೀ, ನನಗೆ ಎರಡೂ ಎಡಗೈ ಅಂದ್ಕೊಂಡ್ರಾ?" ಎಂದು ಅವರು ನಕ್ಕರು. ಟೈಲರೂ ನಕ್ಕ. ನಗು ನಿಲ್ಲಲೇ ಇಲ್ಲ. ನಗುತ್ತಲೇ ಕಣ್ಣಲ್ಲಿ ನೀರು ಬಂತು. ವಕೀಲರು ಗಾಬರಿಯಾಗಿ, "ಇರ್ಲಿ ಬಿಡಿ, ನಿಧಾನವಾಗಿ ಮಾಡಿ" ಎಂದು ಕೋಟು ಬಿಚ್ಚಿಟ್ಟು ಹೋದರು.

ಆ ಮಧ್ಯಾಹ್ನ ಅಮ್ಮ ಬಾಯಿಗಿಟ್ಟ ಅನ್ನವನ್ನು ಅವನ ಮುಖಕ್ಕೇ ಉಗುಳಿದಳು. ಅವನು ಅವಳ ಮಣಿಕಟ್ಟನ್ನು ಹಿಡಿದು ಹಿಂಡಿಬಿಟ್ಟ. ಅಮ್ಮ ಗೋಡೆಯ ಕಡೆಗೆ ಮುದುಡಿ ಅವನನ್ನೇ ನೋಡಿದಳು. ಕೈ ಬಿಟ್ಟಾಗ ಅವಳ ತೆಳು ಚರ್ಮದ ಮೇಲೆ ಅವನ ಬೆರಳುಗಳು ಕೆಂಪಗೆ ಮೂಡಿದ್ದವು.

ಅವನು ಅಕ್ಕನಿಗೆ ಫೋನು ಮಾಡಿದ. "ಬಾರಕ್ಕ. ನನ್ನ ಕೈಲಿ ಆಗ್ತಿಲ್ಲ. ಅಮ್ಮನ್ನ ನೋಯಿಸಿಬಿಟ್ಟೆ."

ಅಕ್ಕ ಬಂದವಳು ಬೈಯಲಿಲ್ಲ. ಅಮ್ಮನ ಕೈ ನೋಡಿದಳು, ತಮ್ಮನ ಮುಖ ನೋಡಿದಳು. "ಮೊದ್ಲೇ ಯಾಕೋ ಹೇಳ್ಲಿಲ್ಲ? ಅವಳು ನನಗೂ ಅಮ್ಮಾನೇ ಅಲ್ವಾ? ಹೋಗು, ಸಂಜೆ ತನಕ ಈ ಕಡೆ ತಲೆ ಹಾಕ್ಬೇಡ" ಎಂದು ಹೊರಗೆ ದಬ್ಬಿದಳು.

ಎಲ್ಲಿಗೆ ಹೋಗುವುದು? ಕ್ಷೌರದಂಗಡಿ ಹೊಕ್ಕ. ಕುರ್ಚಿಯಲ್ಲಿ ಕೂತು ಎರಡು ಸಲ ಎದ್ದ. "ಅಣ್ಣ, ಕತ್ತಿ ಕೈಲಿದೆ. ಅಲ್ಲಾಡಿದ್ರೆ ಕಿವಿ ನನ್ನ ಪಾಲು" ಎಂದ ಕ್ಷೌರಿಕ. ಹೇಗೋ ಮುಗಿಸಿಕೊಂಡು ಮನೆಗೆ ಫೋನು ಹಚ್ಚಿದರೆ ಯಾರೂ ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದ.

ಒಳಗೆ ಅಮ್ಮ ಅಕ್ಕನ ಕೈಯಿಂದ ಅನ್ನ ತಿನ್ನುತ್ತಿದ್ದಳು. ಅಕ್ಕನ ಸೀರೆಯ ತುಂಬ ಅಗುಳು.

"ಫೋನ್ ಯಾಕೆ ಎತ್ಲಿಲ್ಲ?"

"ಕೈ ತುಂಬ ಅನ್ನ ಕಣೋ. ಎರಡು ಸಲ ನನ್ನ ಮೇಲೂ ಉಗುಳಿದ್ಲು. ಆಮೇಲೆ ಅವಳಿಗೇ ಸಾಕಾಯ್ತು."

ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವರು ಯಾರು?" ಎಂದಳು.

ತಾನಿಲ್ಲದೆಯೂ ನಡೆಯುತ್ತದೆ ಎಂಬುದು ಮೊದಲು ಅವನನ್ನು ನೋಯಿಸಿತು. ಸ್ವಲ್ಪ ಹೊತ್ತಿನ ಮೇಲೆ, ಗೋಡೆಗೊರಗಿ ಕೂತಿದ್ದವನಿಗೆ ಕೂತಲ್ಲೇ ನಿದ್ದೆ ಹತ್ತಿತು.

ಅಂದಿನಿಂದ ಅಕ್ಕ ವಾರಕ್ಕೆರಡು ದಿನ ಬರತೊಡಗಿದಳು. ಪಕ್ಕದ ಮನೆಯ ಅಜ್ಜಿ ಒಂದು ಮಧ್ಯಾಹ್ನ ತಾನಾಗಿಯೇ ಬಂದು ಅಮ್ಮನ ಹತ್ತಿರ ಕೂತರು. "ನೀನೇ ಕೇಳ್ಲಿ ಅಂತ ಕಾಯ್ತಾ ಇದ್ದೆ. ನೀನು ಒಳಬಾಗಿಲೇ ತೆಗೀತಿರ್ಲಿಲ್ಲ" ಎಂದರು. ಅಕ್ಕ ಕರೆಸಿದ ಆಸ್ಪತ್ರೆಯ ನರ್ಸು ಬಂದು, ಅಮ್ಮನ ಹೆಗಲು ನೋಯದಂತೆ ಅವಳನ್ನು ಎಬ್ಬಿಸುವುದು ಹೇಗೆಂದು ತೋರಿಸಿಕೊಟ್ಟರು. ಅವನ ಚಡಪಡಿಕೆ ಪೂರ್ತಿ ಹೋಗಲಿಲ್ಲ. ಹೊರಗೆ ಹೋದರೂ ಬೀದಿ ತಿರುವಿನಲ್ಲಿ ನಿಂತು ಹಿಂತಿರುಗಿ ನೋಡುತ್ತಾನೆ. ಈಗೀಗ ಹಾಗೆ ನೋಡಿದ ಮೇಲೆ ಮುಂದಕ್ಕೂ ಹೋಗುತ್ತಾನೆ.